ಪಾಳು ಮನೆ ಎಂದುಕೊಂಡೆವು, ಒಳಗೆ ಕಾಳು ನೆನೆಯುತ್ತಿತ್ತು

ಹಳೆಯ ಮನೆಗಳನ್ನು ಹುಡುಕಿಕೊಂಡು ಹಳ್ಳಿಗಾಡಿನಲ್ಲಿ ತಿರುಗುವ ಚಟ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೂ ಆ ಚಟ ಆರೇಳು ವರ್ಷಗಳಿಂದ ಇದೆ. ಸೂರು ಕುಸಿದ ಕೊಟ್ಟಿಗೆಯೋ ಬಳ್ಳಿ ಹಬ್ಬಿದ ಗೋಡೆಯೋ ಕಂಡರೆ ಕಾಲು ತಾನಾಗಿಯೇ ಅತ್ತ ತಿರುಗುತ್ತದೆ. ಫೋಟೊ ತೆಗೆಯುತ್ತೇನೆ, ಏನನ್ನೂ ಮುಟ್ಟುವುದಿಲ್ಲ, ಏನನ್ನೂ ತರುವುದಿಲ್ಲ. ಇಷ್ಟು ಪಾಲಿಸಿದರೆ ಯಾರಿಗೂ ತೊಂದರೆಯಿಲ್ಲ ಎಂದು ನಂಬಿದ್ದೆ. ಕಳೆದ ವರ್ಷ ಆ ನಂಬಿಕೆಯ ಫಲವಾಗಿ ಒಬ್ಬ ವೃದ್ಧರ ಮಣಿಕಟ್ಟು ಮುರಿಯಿತು.

ಆ ಮನೆ ಇದ್ದದ್ದು ಮುಖ್ಯರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ, ಮಣ್ಣುದಾರಿಯ ಕೊನೆಯಲ್ಲಿ. ಮೊದಲು ಕಂಡವನು ನನ್ನ ಗೆಳೆಯ. ಮುಂಭಾಗದ ಸೂರಿನ ಅರ್ಧದಷ್ಟು ಹೆಂಚು ಜಾರಿಬಿದ್ದು ಒಳಗಿನ ಪಕಾಸಿಗಳು ಬಿಸಿಲಿಗೆ ಬಿಳಿಚಿಕೊಂಡಿದ್ದವು. ಅಂಗಳದ ತುಂಬ ಸೊಂಟದೆತ್ತರದ ಹುಲ್ಲು. ಎರಡು ಕಿಟಕಿಗಳಿಗೆ ಗಾಜಿಲ್ಲ. ಮುಂಬಾಗಿಲಿಗೆ ತುಕ್ಕು ಹಿಡಿದ ಬೀಗ, ಚೌಕಟ್ಟಿನ ಮೂಲೆಗೆ ಜೇಡರ ಬಲೆ. ಹೊರಡುವ ಮೊದಲು ಮೊಬೈಲಿನ ನಕ್ಷೆಯಲ್ಲಿ ಉಪಗ್ರಹ ಚಿತ್ರವನ್ನೂ ನೋಡಿದ್ದೆವು. ಅಲ್ಲಿಯೂ ಮನೆಯ ಸುತ್ತ ಪೊದೆಗಳೇ ಕಂಡಿದ್ದವು. ಗೇಟಿನ ಬಳಿ ನಿಂತು "ಯಾರಾದರೂ ಇದ್ದೀರಾ?" ಎಂದು ಒಮ್ಮೆ ಕೂಗಿದೆ. ಅರ್ಧ ನಿಮಿಷ ಕಾದಿರಬಹುದು, ಅಷ್ಟೂ ಇಲ್ಲವೇನೋ. "ಯಾರೂ ಇಲ್ಲ, ಬಾ" ಎಂದ ಗೆಳೆಯ.

ಕಂಡದ್ದನ್ನೆಲ್ಲ ಕೂಡಿಸಿ ಇದು ಬಿಟ್ಟುಹೋದ ಮನೆಯೇ ಎಂದು ತೀರ್ಮಾನಿಸಿಬಿಟ್ಟಿದ್ದೆವು. ಈಗ ಒಂದೊಂದನ್ನೇ ಬಿಡಿಸಿ ನೋಡಿದರೆ ಅವುಗಳಲ್ಲಿ ಒಂದೂ ಸಾಕ್ಷಿ ಎನಿಸಿಕೊಳ್ಳುವುದಿಲ್ಲ. ಜೇಡರ ಬಲೆಯನ್ನೇ ತೆಗೆದುಕೊಳ್ಳಿ. ಚಕ್ರದಂಥ ಬಲೆ ನೇಯುವ ಎಷ್ಟೋ ಜೇಡಗಳು ಹಳೆಯ ಬಲೆಯನ್ನು ತಿಂದು ಪ್ರತಿದಿನವೂ ಹೊಸದನ್ನು ಕಟ್ಟುತ್ತವೆ. ನಿನ್ನೆ ಸಂಜೆಯಿಂದ ಈ ಬಾಗಿಲನ್ನು ಯಾರೂ ದಾಟಿಲ್ಲ ಎಂಬುದಕ್ಕಿಂತ ಹೆಚ್ಚಿನದನ್ನು ಆ ಬಲೆ ಹೇಳುವುದಿಲ್ಲ. ಹುಲ್ಲು ಸೊಂಟದೆತ್ತರ ಬೆಳೆಯಲು ಒಂದು ಒಳ್ಳೆಯ ಮಳೆಗಾಲ ಸಾಕು. ಒಡೆದ ಗಾಜು, ಜಾರಿದ ಹೆಂಚು ಹೇಳುವುದು ಕೈಯಲ್ಲಿ ಹಣವಿಲ್ಲ, ಏಣಿ ಹತ್ತುವ ವಯಸ್ಸಲ್ಲ ಎಂದು. ಮುಂಬಾಗಿಲಿನ ಬೀಗಕ್ಕೆ ತುಕ್ಕು ಹಿಡಿದಿದ್ದರೆ ಮುಂಬಾಗಿಲನ್ನು ಬಳಸುತ್ತಿಲ್ಲ ಎಂದರ್ಥ. ಮನೆಗೆ ಹಿಂಬಾಗಿಲೂ ಇರುತ್ತದೆ ಎಂಬುದು ಅಲ್ಲಿ ನಮಗೆ ಹೊಳೆಯಲಿಲ್ಲ ಎನ್ನಲಾರೆ. ಹೊಳೆಯಿತು, ಆದರೆ ಒಳಗೆ ಹೋಗುವ ದಾರಿಯಾಗಿ ಹೊಳೆಯಿತು.

ಪಾಳು ಬೀಳುವುದು ಬೇರೆ, ಬಿಟ್ಟುಹೋಗುವುದು ಬೇರೆ. ನಾವು ಗೋಡೆಯನ್ನು ನೋಡಿ ಮನುಷ್ಯರ ಬಗ್ಗೆ ತೀರ್ಪು ಕೊಟ್ಟಿದ್ದೆವು. ಹಾಳೂರಿಗೆ ಉಳಿದವನೇ ಗೌಡ ಎಂದು ಗಾದೆ ಹೇಳಿ ನಗುತ್ತೇವೆ. ಹಾಳೂರಿನಲ್ಲೂ ಒಬ್ಬ ಉಳಿದಿರುತ್ತಾನೆ ಎಂಬ ಅದರ ಇನ್ನೊಂದು ಮಾತು ನಮ್ಮ ಕಿವಿಗೆ ಬೀಳುವುದೇ ಇಲ್ಲ.

ಹಿಂಭಾಗಕ್ಕೆ ಹೋದಾಗಲಾದರೂ ಕಣ್ಣು ತೆರೆಯಬೇಕಿತ್ತು. ಅಲ್ಲಿ ಹುಲ್ಲಿನ ನಡುವೆ ಒಂದಡಿ ಅಗಲದ ಸವೆದ ಜಾಡಿತ್ತು. ದನಗಳದ್ದಿರಬೇಕು ಎಂದುಕೊಂಡೆವು, ಅದೂ ಒಂದೇ ಒಂದು ಸೆಗಣಿ ಕಾಣದಿದ್ದರೂ. ಗೋಡೆಗೆ ಒರಗಿಸಿಟ್ಟ ಸೌದೆಯ ರಾಶಿಯಲ್ಲಿ ಕೆಳಗಿನವುಗಳ ತುದಿ ಬೂದು ಬಣ್ಣಕ್ಕೆ ತಿರುಗಿತ್ತು, ಮೇಲಿನ ಏಳೆಂಟರ ತುದಿ ಇನ್ನೂ ಹಳದಿಯಾಗಿತ್ತು. ಕಡಿದ ಮರ ಬಿಸಿಲು ಮಳೆಗೆ ಸಿಕ್ಕಿ ಕೆಲವೇ ತಿಂಗಳಲ್ಲಿ ಬೂದಿಯ ಬಣ್ಣಕ್ಕೆ ಬರುತ್ತದೆ, ಇದು ನನಗೆ ಗೊತ್ತಿದ್ದ ಸಂಗತಿಯೇ. ಹಿಂಬಾಗಿಲಿನ ಚಿಲಕ ಹಳೆಯದೇ, ಆದರೆ ಕೈ ಹಿಡಿಯುವ ಜಾಗ ಮಾತ್ರ ಹೊಳೆಯುತ್ತಿತ್ತು. ಬಾಗಿಲು ತಳ್ಳಿದರೆ ಕಿರುಗುಟ್ಟಲಿಲ್ಲ. ವರ್ಷಗಟ್ಟಲೆ ತೆರೆಯದ ಬಾಗಿಲು ಸದ್ದಿಲ್ಲದೆ ತೆರೆದುಕೊಳ್ಳುತ್ತದೆಯೇ? ನಾವು ಅದನ್ನು ಅದೃಷ್ಟ ಎಂದುಕೊಂಡೆವು.

ವಿದ್ಯುತ್ ಮೀಟರನ್ನು ಮಾತ್ರ ನೋಡಿದೆ, ಅದೂ ತಪ್ಪಾಗಿ. ಈಗಿನ ಡಿಜಿಟಲ್ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪವಿರುತ್ತದೆ. ಒಳಗೆ ವಿದ್ಯುತ್ ಬಳಕೆಯಾದಂತೆ ಅದು ಮಿನುಗುತ್ತದೆ, ಒಂದು ಯೂನಿಟ್‌ಗೆ ಎಷ್ಟು ಸಲ ಎಂಬುದು ಮೀಟರಿನ ಮೇಲೆಯೇ ಅಚ್ಚಾಗಿರುತ್ತದೆ. ಹತ್ತು ಸೆಕೆಂಡು ನೋಡಿದೆ, ಮಿನುಗಲಿಲ್ಲ, ಸಂಪರ್ಕ ಕಡಿದಿದೆ ಎಂದುಕೊಂಡೆ. ಆಮೇಲೆ ಮನೆಯಲ್ಲಿ ಕುಳಿತು ಲೆಕ್ಕ ಹಾಕಿದೆ. ಯೂನಿಟ್‌ಗೆ 3200 ಸಲ ಮಿನುಗುವ ಮೀಟರಾದರೆ, ಒಳಗೆ 5 ವ್ಯಾಟ್‌ನ ಒಂದೇ ಬಲ್ಬು ಉರಿಯುತ್ತಿದ್ದಾಗ ಅದು ಗಂಟೆಗೆ ಮಿನುಗುವುದು 16 ಸಲ. ಅಂದರೆ ಹೆಚ್ಚುಕಡಿಮೆ ನಾಲ್ಕು ನಿಮಿಷಕ್ಕೊಮ್ಮೆ. ಬಲ್ಬನ್ನೂ ಆರಿಸಿ ಹೊರಗೆ ಹೋಗುವ ಮಿತವ್ಯಯಿಯಾದರೆ ಒಮ್ಮೆಯೂ ಇಲ್ಲ. ಮಿನುಗಿದರೆ ಜನರಿದ್ದಾರೆ ಎನ್ನಬಹುದು, ಮಿನುಗದಿದ್ದರೆ ಏನೂ ಹೇಳಲಾಗದು.

ಒಳಗೆ ಕತ್ತಲು. ಇಬ್ಬರೂ ಹಣೆಗೆ ದೀಪ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡಿದ್ದೆವು. ಈ ವಿಷಯದಲ್ಲಿ ನಾವು ಬಹಳ ಜಾಗರೂಕರು. ಬಾವಲಿ ಹಿಕ್ಕೆ ಬಿದ್ದ ಮಣ್ಣಿನಿಂದ ಏಳುವ ದೂಳು ಹಿಸ್ಟೊಪ್ಲಾಸ್ಮೋಸಿಸ್ ಎಂಬ ಶ್ವಾಸಕೋಶದ ಸೋಂಕನ್ನು ತರಬಲ್ಲದು, ಇಲಿ ಹಿಕ್ಕೆಯ ದೂಳಿನಿಂದ ಹಂಟಾವೈರಸ್ ಹರಡಬಲ್ಲದು ಎಂದೆಲ್ಲ ಓದಿಕೊಂಡಿದ್ದೆವು. ನಮ್ಮ ಶ್ವಾಸಕೋಶದ ಚಿಂತೆ ಅಷ್ಟಿತ್ತು. ಆ ವೇಷದಲ್ಲಿ ನಾವು ಬೇರೆಯವರ ಕಣ್ಣಿಗೆ ಹೇಗೆ ಕಾಣುತ್ತೇವೆ ಎಂಬ ಚಿಂತೆ ಇರಲಿಲ್ಲ.

ಮೊದಲ ಕೋಣೆಯಲ್ಲಿ ಮುರಿದ ಕುರ್ಚಿಗಳು, ಗೋಣಿಚೀಲಗಳು. ಗೋಡೆಯಲ್ಲಿ ಹದಿನಾಲ್ಕು ವರ್ಷ ಹಿಂದಿನ ಕ್ಯಾಲೆಂಡರ್. ಗೆಳೆಯ ಖುಷಿಯಿಂದ ಅದರ ಫೋಟೊ ತೆಗೆದ. ಆ ಕ್ಯಾಲೆಂಡರಿನಲ್ಲಿದ್ದ ಚಿತ್ರ ತಮ್ಮ ಹೆಂಡತಿಗೆ ಇಷ್ಟವಾಗಿತ್ತು, ಅದಕ್ಕೇ ತೆಗೆದಿಲ್ಲ ಎಂದು ಆ ವೃದ್ಧರು ಆಮೇಲೆ ಹೇಳಿದರು. ನಾನು ಪಕ್ಕದ ಕೋಣೆಗೆ ಹೋದೆ. ಅದು ಅಡುಗೆಮನೆ. ಕಟ್ಟೆಯ ಮೇಲೆ ತಟ್ಟೆ ಮುಚ್ಚಿದ ಒಂದು ಸ್ಟೀಲ್ ಪಾತ್ರೆ. ಯಾಕೆ ತಟ್ಟೆ ಎತ್ತಿದೆನೋ, ಏನನ್ನೂ ಮುಟ್ಟದವನು. ಒಳಗೆ ಒಂದು ಹಿಡಿಯಷ್ಟು ಕಾಳು ನೆನೆಹಾಕಿತ್ತು. ನೀರು ತಿಳಿಯಾಗಿತ್ತು. ಕಾಳಿನ ಸಿಪ್ಪೆ ಅಲ್ಲಲ್ಲಿ ಸುಕ್ಕುಗಟ್ಟಿತ್ತು, ಇನ್ನೂ ಪೂರ್ತಿ ಉಬ್ಬಿರಲಿಲ್ಲ. ಅಂದರೆ ನೀರಿಗೆ ಬಿದ್ದು ಒಂದೆರಡು ಗಂಟೆಯೂ ಆಗಿರಲಾರದು.

ಗೆಳೆಯನನ್ನು ಕರೆಯಬೇಕು ಎನ್ನುವಷ್ಟರಲ್ಲಿ ಹಿಂಬಾಗಿಲಿನ ಬೆಳಕು ಮಸುಕಾಯಿತು. ಎಪ್ಪತ್ತು ದಾಟಿದ ವ್ಯಕ್ತಿ, ಕಂಕುಳಲ್ಲಿ ಸೌದೆ. ನನ್ನ ಹಣೆಯ ದೀಪ ನೇರವಾಗಿ ಅವರ ಕಣ್ಣಿಗೆ ಹೊಡೆಯಿತು. ಅವರು ಕೂಗಲಿಲ್ಲ. ಒಂದು ಹೆಜ್ಜೆ ಹಿಂದಕ್ಕೆ ಇಟ್ಟರು, ಅಲ್ಲಿ ಮೆಟ್ಟಿಲಿತ್ತು, ಬಲಗೈ ಊರಿಕೊಂಡು ಬಿದ್ದರು. ನಾವು ಓಡಿಹೋಗಿ ಎತ್ತಲು ಬಗ್ಗಿದಾಗ ಇನ್ನೊಂದು ಕೈಯನ್ನು ಮುಖಕ್ಕೆ ಅಡ್ಡ ಹಿಡಿದು ಅವರು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ತೆಗೆದುಕೊಂಡು ಹೋಗಲು ಇಲ್ಲಿ ಏನೂ ಇಲ್ಲಪ್ಪ."

ಆಸ್ಪತ್ರೆಗೆ ನಾವೇ ಕರೆದುಕೊಂಡು ಹೋದೆವು. ಮಣಿಕಟ್ಟಿನ ಮೇಲಿನ ಮೂಳೆ ಮುರಿದಿತ್ತು, ಆರು ವಾರ ಪ್ಲಾಸ್ಟರ್. ಸಂಜೆ ಅವರ ಮಗಳು ಬಂದರು. ಬೈಯುತ್ತಾರೆ, ಪೊಲೀಸರಿಗೆ ದೂರು ಕೊಡುತ್ತಾರೆ ಎಂದುಕೊಂಡಿದ್ದೆವು. ದೂರು ಕೊಡಲಿಲ್ಲ, ಕೊಟ್ಟಿದ್ದರೆ ನಮ್ಮ ಬಳಿ ಹೇಳಲು ಒಂದು ಸಬೂಬೂ ಇರಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ. "ದಾರಿಯಲ್ಲಿ ಒಂದು ಮನೆ ಸಿಗುತ್ತದಲ್ಲ, ಅಲ್ಲಿ ಕೇಳಬಾರದಿತ್ತೇ?"

ಸಿಕ್ಕಿತ್ತು. ಅರ್ಧ ಕಿಲೋಮೀಟರ್ ಹಿಂದೆ ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತಿದ್ದರು, ನಮ್ಮನ್ನು ನೋಡಿ ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಹಿಡಿದು ನಿಂತಿದ್ದರು. ಕೇಳಲಿಲ್ಲ. ಕೇಳಿದರೆ ಹೋಗಬೇಡಿ ಎನ್ನುತ್ತಾರೆ ಎಂದೇ ಕೇಳಲಿಲ್ಲ. ಈ ಹವ್ಯಾಸದವರೆಲ್ಲರಿಗೂ ಈ ಜಾಣತನ ಇರುತ್ತದೆ, ಒಪ್ಪಿಕೊಳ್ಳುವವರು ಕಡಿಮೆ. ಉಪಗ್ರಹ, ಮೀಟರ್, ಬೀಗ ಎಂದೆಲ್ಲ ಪತ್ತೇದಾರಿಕೆ ಮಾಡುವುದು ಒಬ್ಬ ಮನುಷ್ಯನನ್ನು ಒಂದು ಪ್ರಶ್ನೆ ಕೇಳುವುದನ್ನು ತಪ್ಪಿಸಿಕೊಳ್ಳಲು. ಪಕ್ಕದ ಹೊಲದವರಿಗೆ ಎಲ್ಲವೂ ಗೊತ್ತಿರುತ್ತದೆ. ಮನೆ ಯಾರದು, ಮಕ್ಕಳು ಎಲ್ಲಿದ್ದಾರೆ, ಪಾಲಿನ ವ್ಯಾಜ್ಯ ಇದೆಯೇ, ಸುಗ್ಗಿಗೆ ಮಾತ್ರ ಬಂದು ಹೋಗುತ್ತಾರೆಯೇ, ಹಿತ್ತಲಲ್ಲಿ ಮುಚ್ಚದ ಬಾವಿ ಇದೆಯೇ, ಎಲ್ಲವೂ. ಕೊನೆಯದಂತೂ ಯಾವ ಉಪಗ್ರಹಕ್ಕೂ ಕಾಣದು.

ಆದರೂ ದೂರದಿಂದಲೇ ಒಂದಿಷ್ಟು ತಿಳಿದುಕೊಂಡು ಹೊರಡುವುದು ಒಳ್ಳೆಯದೇ. ನಾವು ಮೊಬೈಲಿನಲ್ಲಿ ನೋಡಿದ ಚಿತ್ರ ಯಾವಾಗ ತೆಗೆದದ್ದು ಎಂಬುದನ್ನೇ ನೋಡಿರಲಿಲ್ಲ. ಕಂಪ್ಯೂಟರಿನ ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರಗಳನ್ನು ದಿನಾಂಕದ ಸಮೇತ ಸರಿಸಿ ನೋಡಬಹುದು. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು 2015ರಿಂದ ಈಚಿನವು ಉಚಿತವಾಗಿಯೇ ಸಿಗುತ್ತವೆ. ಆದರೆ ಅವುಗಳಲ್ಲಿ ಒಂದು ಚುಕ್ಕಿ ಎಂದರೆ ನೆಲದ ಮೇಲೆ 10 ಮೀಟರ್, ಸಾಧಾರಣ ಮನೆ ಒಂದೆರಡು ಚುಕ್ಕಿಗಳಲ್ಲಿ ಮುಗಿದುಹೋಗುತ್ತದೆ. ಹಾಗಾಗಿ ಅಲ್ಲಿ ನೋಡಬೇಕಾದದ್ದು ಸೂರನ್ನಲ್ಲ, ಸುತ್ತಲಿನ ಹೊಲವನ್ನು. ವರ್ಷಕ್ಕೊಮ್ಮೆ ಒಮ್ಮೆಗೇ ಬರಿಮಣ್ಣಾಗಿ ಮತ್ತೆ ಹಸಿರಾಗುವ ಹೊಲವನ್ನು ಯಾರೋ ಉಳುತ್ತಿದ್ದಾರೆ. ಉಳುವವರಿದ್ದಾರೆ ಎಂದರೆ ಆ ಮನೆಯಲ್ಲಿ ಕನಿಷ್ಠ ಗೊಬ್ಬರ, ಹಾರೆ, ಪಂಪು ಇಟ್ಟಿರುತ್ತಾರೆ, ನೀವು ಕಳ್ಳರಂತೆಯೇ ಕಾಣುತ್ತೀರಿ.

ಜಾಗ ಯಾರ ಹೆಸರಿನಲ್ಲಿದೆ ಎಂದು ನೋಡಲು ಭೂದಾಖಲೆಯೂ ಇದೆ. ಯಜಮಾನನೇ ಇಲ್ಲದ ಆಸ್ತಿ ಎಂಬ ಮಾತನ್ನು ನಮ್ಮ ಬಳಗದಲ್ಲಿ ಬಹಳ ಕೇಳಿದ್ದೇನೆ. ವಾರಸುದಾರರು ಯಾರೂ ಇಲ್ಲದ ಆಸ್ತಿ ಹೆಚ್ಚಿನ ದೇಶಗಳಲ್ಲಿ ಸರ್ಕಾರಕ್ಕೆ ಸೇರುತ್ತದೆ. ಅಂದರೆ ಅನುಮತಿ ಕೇಳಲು ಒಬ್ಬರು ಇದ್ದೇ ಇರುತ್ತಾರೆ.

ನಿಜಕ್ಕೂ ಬಿಟ್ಟುಹೋದ ಜಾಗವನ್ನು ಗುರುತಿಸುವುದು ಹೇಗೆ ಎಂದು ಕೇಳಿದರೆ, ನಾನೀಗ ನೆಚ್ಚುವುದು ಜನ ಓಡಾಡಿದ್ದರೆ ಇರಲು ಸಾಧ್ಯವೇ ಇಲ್ಲದ ಗುರುತುಗಳನ್ನು ಮಾತ್ರ. ಹೊಸ್ತಿಲ ನಡುವೆಯೇ ಬೆರಳು ಗಾತ್ರದ ಕಾಂಡವಿರುವ ಗಿಡ. ಕುಸಿದ ಸೂರಿನ ಅವಶೇಷ ದಾರಿಗೆ ಅಡ್ಡ ಬಿದ್ದು, ಅದರ ಮೇಲೆ ಒಡೆಯದ ಪಾಚಿ. ಅದೂ ಮನೆಯ ನಾಲ್ಕು ದಿಕ್ಕಿಗೂ, ಒಂದು ಬಾಗಿಲನ್ನೂ ಬಿಡದೆ. ಅಂಥ ಮನೆ ಸಿಕ್ಕಿದರೆ ಅದರೊಳಗೆ ಕಾಲಿಡುವುದು ಇನ್ನೂ ಅಪಾಯ, ಏಕೆಂದರೆ ಆ ಮರದ ಅಟ್ಟ, ಆ ತೊಲೆ ನಿಮ್ಮ ಭಾರಕ್ಕಾಗಿಯೇ ಕಾಯುತ್ತಿರುತ್ತವೆ. ಹಳೆಯ ಬಾವಿ, ಮಲಗುಂಡಿಗಳಿಗಂತೂ ಇಣುಕಲೂ ಬೇಡಿ. ಅಲ್ಲಿ ಸೇರಿಕೊಳ್ಳುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ, ಪ್ರಮಾಣ ಹೆಚ್ಚಾದಂತೆ ಮೂಗನ್ನೇ ಮರಗಟ್ಟಿಸುತ್ತದೆ. ವಾಸನೆ ನಿಂತಿತು ಎಂದು ಮುಂದೆ ಹೋದವರು ಮೇಲೆ ಬರುವುದಿಲ್ಲ.

ಅಂದು ತೆಗೆದ ಫೋಟೊಗಳನ್ನು ಆಸ್ಪತ್ರೆಯ ಹೊರಗೇ ಅಳಿಸಿಹಾಕಿದೆವು. ಮೊಬೈಲಿನ ಫೋಟೊದೊಳಗೆ ಜಾಗದ ಅಕ್ಷಾಂಶ ರೇಖಾಂಶ ಅಡಗಿರಬಹುದು. ಒಂದನ್ನು ಎಲ್ಲಾದರೂ ಹಾಕಿದ್ದರೆ ನಮ್ಮ ಹಿಂದೆಯೇ ಇನ್ನೂ ನಾಲ್ಕು ಜನ ಆ ಗೇಟಿನ ಮುಂದೆ ಇರುತ್ತಿದ್ದರು.

ಒಂದು ತಿಂಗಳ ನಂತರ ಹೆಂಚು ಹೊದಿಸಿಕೊಡುವವನೊಬ್ಬನನ್ನು ಕರೆದುಕೊಂಡು ಅಲ್ಲಿಗೆ ಮತ್ತೆ ಹೋದೆವು, ಮಗಳನ್ನು ಕೇಳಿಯೇ. ದಾರಿಯಲ್ಲಿ ಆ ಹೆಂಗಸಿಗೂ ಹೇಳಿಯೇ ಮುಂದೆ ಹೋದೆವು. ಗೇಟಿನ ಆಚೆ ಹುಲ್ಲು ಇನ್ನೂ ಅಷ್ಟೇ ಎತ್ತರ, ಬೀಗ ಅದೇ, ಬಲೆಯೂ ಇತ್ತು. ಈ ಸಲ ಗೇಟಿನಿಂದ ಈಚೆಗೇ ನಿಂತು ಕೂಗಿದೆ. ಸದ್ದಿಲ್ಲ. ಮತ್ತೆ ಕೂಗಿದೆ. ಗೆಳೆಯ ಗಡಿಯಾರ ನೋಡಿಕೊಂಡ. ಆರು ನಿಮಿಷದ ಮೇಲೆ ಮನೆಯ ಹಿಂದಿನಿಂದ "ಬಂದೆ, ಇರಿ" ಎಂಬ ದನಿ ಕೇಳಿಸಿತು.