ಮಗಳ ಕಬಡ್ಡಿ ಕೋಚಿಂಗ್: ಮೂರು ತಿಂಗಳಾದ್ಮೇಲೆ ಬರೀತಿರೋ ರಿವ್ಯೂ

ಮೈಸೂರಲ್ಲಿ ನಮ್ಮನೆ ಹತ್ರದ ಸ್ಕೂಲ್ ಗ್ರೌಂಡಲ್ಲಿ ಬೆಳಿಗ್ಗೆ ಆರಕ್ಕೆ ನಡೆಯೋ ಕೋಚಿಂಗ್ ಇದು, ಮಗಳು ಏಳನೇ ಕ್ಲಾಸು, ಫೀಸು ತಿಂಗಳಿಗೆ 800. ಮುಂಚೆ ಬೇರೆ ಕಡೆ ಸೇರಿಸಿದ್ವಿ, ಅಲ್ಲಿ ಕೋಚು ಲೈನ್ ಪಕ್ಕ ನಿಂತು ಇಡೀ ಮ್ಯಾಚು ಕಿರುಚ್ತಿದ್ರು, ಇವಳು ರೇಡಿಗೆ (ಎದುರಾಳಿ ಅಂಕಣಕ್ಕೆ) ಹೋದ್ರೆ ಎದುರಿಗಿರೋ ಕಾರ್ನರ್‌ನ (ತುದಿಲಿ ನಿಂತು ರೇಡರ್‌ನ ಹಿಡಿಯೋರು) ಬಿಟ್ಟು ಕೋಚ್ ಮುಖನೇ ನೋಡ್ತಿದ್ಲು, ಎರಡೇ ತಿಂಗಳಿಗೆ "ಅಪ್ಪಾ ನಾನ್ ಹೋಗಲ್ಲ" ಅಂದ್ಬಿಟ್ಳು.

ಇಲ್ಲಿನ ಸರ್ ಜಾಸ್ತಿ ಮಾತೇ ಆಡಲ್ಲ. ರೇಡಿಗೆ ಇರೋದು 30 ಸೆಕೆಂಡು ತಾನೆ, ಮುಗಿಸ್ಕೊಂಡು ಬಂದ ತಕ್ಷಣ "ಎಷ್ಟು ಸೆಕೆಂಡ್ ಆಯ್ತಮ್ಮಾ?" ಅಂತಾರೆ, ಗಡಿಯಾರ ನೋಡೋ ಹಾಗಿಲ್ಲ. ಮೊದಮೊದಲು ಇವಳು 25 ಅನ್ನೋಳು, ಸ್ಟಾಪ್‌ವಾಚಲ್ಲಿ 11 ಇರೋದು! ಗಾಬರಿಲಿ ಹಂಗೇ ಅನ್ಸೋದು. ಈಗ ಎರಡು ಮೂರು ಸೆಕೆಂಡ್ ಹೆಚ್ಚುಕಮ್ಮಿಲಿ ಸರಿಯಾಗಿ ಹೇಳ್ತಾಳೆ, ಅದಕ್ಕೇ ಡೂ ಆರ್ ಡೈ ರೇಡ್ ಬಂದ್ರೂ (ಹಿಂದಿನ ಎರಡು ರೇಡು ಖಾಲಿ ಹೋಗಿದ್ರೆ ಮೂರನೇದ್ರಲ್ಲಿ ಪಾಯಿಂಟ್ ತರ್ಲೇಬೇಕು, ಇಲ್ಲಾಂದ್ರೆ ರೇಡರ್ ಔಟು) ಹೋದ ಕೂಡ್ಲೇ ನುಗ್ಗಲ್ಲ, ಡಿಫೆನ್ಸ್‌ನ ಆ ಕಡೆ ಈ ಕಡೆ ಓಡಾಡ್ಸಿ ಆಮೇಲೆ ಕೈ ಹಾಕ್ತಾಳೆ.

ಇನ್ನೊಂದು ನಂಗೆ ತುಂಬಾ ಹಿಡಿಸಿದ್ದು ಅವರ ನೋಟ್‌ಬುಕ್ಕು. ಯಾರು ಎಷ್ಟು ಪಾಯಿಂಟ್ ತಂದ್ರು ಅಂತ ಅದರಲ್ಲಿ ಬರ್ಯಲ್ಲ, ಕಾರ್ನರಲ್ಲಿರೋರು ರೇಡರ್‌ನ ಆಂಕಲ್ (ಕಾಲಿನ ಗಿಣ್ಣು) ಹಿಡ್ಕೊಂಡಾಗ ಸಪೋರ್ಟಿಗೆ ಯಾರು ಓಡಿ ಬಂದ್ರು ಅಂತ ಬರೀತಾರೆ, ರೇಡರ್ ತಪ್ಪಿಸ್ಕೊಂಡ್ರೂ ಸರಿ, ಬಂದೋರ ಹೆಸರು ಬರತ್ತೆ. ಪ್ರಾಕ್ಟೀಸ್ ಕೊನೆಲಿ ಆ ಹೆಸರು ಓದೋವಾಗ ಮಕ್ಕಳ ಮುಖ ನೋಡ್ಬೇಕು. ಒಂದಿನ ಮಕ್ಕಳಿಗೆ 2024ರ ಪ್ರೊ ಕಬಡ್ಡಿ ಫೈನಲ್ ತೋರಿಸಿದ್ರಂತೆ, ನಮ್ ಕನ್ನಡಿಗ ಬಿ.ಸಿ. ರಮೇಶ್ ಕೋಚ್ ಆಗಿದ್ದ ಪುಣೇರಿ ಪಲ್ಟನ್ 28-25ರಲ್ಲಿ ಹರಿಯಾಣ ಸ್ಟೀಲರ್ಸ್‌ನ ಸೋಲಿಸಿದ್ದು. ಫೈನಲ್ಲಲ್ಲಿ ಅಷ್ಟು ಕಮ್ಮಿ ಸ್ಕೋರ್ ಯಾಕಾಯ್ತು ಅಂತ ಕೇಳಿ ಮಕ್ಕಳ ಬಾಯಲ್ಲೇ ಹೇಳ್ಸಿದ್ರಂತೆ.

ಹೋದ ತಿಂಗಳು ತಾಲ್ಲೂಕು ಮ್ಯಾಚಲ್ಲಿ ನಮ್ಮೋರು ಆಲೌಟ್ ಆಗಿ ಏಳು ಪಾಯಿಂಟ್ ಹಿಂದೆ. ಸರ್ ಟೈಮ್‌ಔಟ್ ತಗೊಂಡ್ರು, ನಾನು ಹತ್ರನೇ ನಿಂತಿದ್ದೆ, ಮೊದಲು ಎಲ್ರಿಗೂ ನೀರು ಕುಡಿಸಿದ್ರು, ಆಮೇಲೆ ಒಂದೇ ಮಾತು, "ಲೆಫ್ಟ್ ಕಾರ್ನರ್ ಬೇಗ ಮುಂದೆ ಬರ್ತಿದೆ, ಬೋನಸ್ ತಗೊಳಿ" (ಎದುರಾಳಿ ಅಂಕಣದ ಬೋನಸ್ ಗೆರೆ ದಾಟಿದ್ರೆ ಸಿಗೋ ಪಾಯಿಂಟು). ಅಷ್ಟೇ. ಎರಡು ಪಾಯಿಂಟಲ್ಲಿ ಸೋತ್ವಿ, ಮನೆಗೆ ಬರ್ತಾ ಮಗಳು ಅಳ್ಳಿಲ್ಲ, ದಾರಿ ಪೂರ್ತಿ ಆ ಲೆಫ್ಟ್ ಕಾರ್ನರ್ ಬಗ್ಗೇನೇ ಮಾತು.

ಕೊರತೆನೂ ಇದೆ. ಮ್ಯಾಟ್ ಇಲ್ಲ, ಮಣ್ಣಲ್ಲೇ ಆಟ, ಮಂಡಿ ತರಚೋದು ಮಾಮೂಲು, ನೀಕ್ಯಾಪ್ ನೀವೇ ತಗೊಳಿ. ಒಬ್ರೇ ಕೋಚು, 30 ಮಕ್ಕಳು, ಹೊಸಬರಿಗೆ ಮೊದಲ ಎರಡು ವಾರ ಬರೀ ಓಟ, ಫುಟ್‌ವರ್ಕ್, ಅಷ್ಟಕ್ಕೇ ಬೇಜಾರಾಗಿ ಬಿಡಿಸ್ಬೇಡಿ. ಸಂಜೆ ಬ್ಯಾಚ್ ಫುಲ್ಲಾಗಿದೆ, ಬೆಳಿಗ್ಗೆ ಇನ್ನೂ ಜಾಗ ಇದೆ.