ರಿಸೋರ್ಸ್ ರೂಮ್ ಇದೆ ಅಂದರೆ ಮೊದಲು ಬಾಗಿಲು ತೆಗೆಸಿ ನೋಡಿ

ಶಿವಮೊಗ್ಗದಲ್ಲಿ ಆಟಿಸಂ, ಕಲಿಕೆಯ ತೊಂದರೆ, ಮಾತು ತಡ, ಇಂಥದ್ದು ಇರುವ ಮಗುವಿಗೆ ಶಾಲೆ ಹುಡುಕುತ್ತಿದ್ದೀರಾ? ದುಡ್ಡು ಕಟ್ಟುವ ಮೊದಲು ಇದನ್ನು ಓದಿ. ದಯವಿಟ್ಟು ಓದಿ. ಶಾಲೆಯ ಹೆಸರು ಹಾಕುತ್ತಿಲ್ಲ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ದೂರು ಕೊಟ್ಟಾಗಿದೆ.

ನನ್ನ ಮಗ ಮೂರನೇ ಕ್ಲಾಸು. ಆಟಿಸಂ ಇದೆ. ಮಾತಾಡುತ್ತಾನೆ, ಓದುತ್ತಾನೆ, ಬಾಯಿಲೆಕ್ಕದಲ್ಲಿ ನನಗಿಂತ ಚುರುಕು. ಗದ್ದಲ ಜಾಸ್ತಿ ಆದರೆ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಹೋಗಿ ಕೂರುತ್ತಾನೆ, ಅಷ್ಟೇ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿದಾಗ, ಉಳಿದ ಮಕ್ಕಳ ಜೊತೆಗೇ ಓದಲಿ, ಇವನನ್ನು ಅರ್ಥ ಮಾಡಿಕೊಳ್ಳುವ ಟೀಚರ್ ಒಬ್ಬರಿದ್ದರೆ ಸಾಕು ಅಂದಿದ್ದರು. ಹೊಸನಗರದ ಕಡೆ ನಮ್ಮೂರಲ್ಲಿ ಅಂಥವರು ಎಲ್ಲಿ ಸಿಗಬೇಕು? ತೋಟ, ಕೊಯ್ಲು ಎಲ್ಲ ಮನೆಯವರ ತಲೆ ಮೇಲೆ ಹಾಕಿ, ನಾನು ಮಗನನ್ನು ಕರೆದುಕೊಂಡು ಬಂದು ಶಿವಮೊಗ್ಗದಲ್ಲಿ ಬಾಡಿಗೆ ಮನೆ ಮಾಡಿದೆ.

ಪ್ರಿನ್ಸಿಪಾಲ್ ಮೇಡಂ ಎಷ್ಟು ಚೆಂದ ಮಾತಾಡಿದರು ಅಂತೀರಿ. "ಅಮ್ಮಾ, ಇನ್ನು ಚಿಂತೆ ಬಿಟ್ಟುಬಿಡಿ. ನಮ್ಮಲ್ಲಿ ಸ್ಪೆಷಲ್ ಎಜುಕೇಟರ್ ಇದ್ದಾರೆ, ರಿಸೋರ್ಸ್ ರೂಮ್ ಇದೆ." ಅಂದರೆ ಇಂಥ ಮಕ್ಕಳಿಗೆ ಕಲಿಸಲು ತರಬೇತಿ ಪಡೆದ ಟೀಚರ್, ಅವರು ಮಕ್ಕಳನ್ನು ಕೂರಿಸಿಕೊಂಡು ಕಲಿಸುವ ಬೇರೆ ಕೋಣೆ. ರೂಮ್ ತೋರಿಸಿ ಮೇಡಂ ಅಂದೆ. "ಪೇಂಟಿಂಗ್ ನಡೀತಿದೆ, ಸ್ಕೂಲ್ ಶುರುವಾದ ಮೇಲೆ ನೋಡುವಿರಂತೆ." ಮಾಮೂಲಿ ಫೀಸು ಬೇರೆ. ಇವನಿಗೆ ಅಂತ ಬೆಂಬಲ ಶುಲ್ಕ 45,000 ರೂಪಾಯಿ ಬೇರೆ. ರಸೀದಿಯಲ್ಲಿ ಮಾತ್ರ 'ಇತರೆ' ಅಂತ ಬರೆದರು. ಯಾಕೆ ಅಂತ ಕೇಳಿದ್ದಕ್ಕೆ "ಸಾಫ್ಟ್‌ವೇರಲ್ಲಿ ಹಾಗೇ ಬರೋದು ಮೇಡಂ" ಅಂದ ಕ್ಯಾಷಿಯರ್.

ಜೂನ್, ಜುಲೈ ಹೋಯಿತು. ಡೈರಿಯಲ್ಲಿ ದಿನಾ ಕೆಂಪು ಇಂಕಿನಲ್ಲಿ ಒಂದೇ ಸಾಲು: 'ಡಿಸ್ಟರ್ಬ್ಸ್ ದ ಕ್ಲಾಸ್'. ಸ್ಪೆಷಲ್ ಎಜುಕೇಟರನ್ನು ಭೇಟಿ ಮಾಡಿಸಿ ಅಂದರೆ ಒಮ್ಮೆ ರಜೆ ಅಂದರು, ಇನ್ನೊಮ್ಮೆ ಬೆಂಗಳೂರಿಂದ ಆನ್‌ಲೈನಲ್ಲಿ ಗೈಡ್ ಮಾಡುತ್ತಾರೆ ಅಂದರು.

ಒಂದು ದಿನ ಮಳೆ ಜೋರಾಯಿತು ಅಂತ ಬೇಗನೇ ಕರೆದುಕೊಂಡು ಬರಲು ಹೋದೆ. ಮಗ ಆಫೀಸಿನ ಹೊರಗೆ, ಶೂ ಸ್ಟ್ಯಾಂಡಿನ ಪಕ್ಕ ನೆಲದ ಮೇಲೆ ಕೂತಿದ್ದ. ಕೈಯಲ್ಲಿ ಡಸ್ಟರ್. ಅದನ್ನು ನೆಲಕ್ಕೆ ಬಡಿದು, ಉದುರಿದ ಸೀಮೆಸುಣ್ಣದ ಪುಡಿಯಲ್ಲಿ ಬೆರಳಿಂದ ಮಗ್ಗಿ ಬರೆಯುತ್ತಿದ್ದ. ಹದಿನೇಳರ ಮಗ್ಗಿ. ಆಯಾ ನನ್ನ ಮುಖ ನೋಡಿ, "ದಿನಾ ಇಲ್ಲೇ ಕೂರ್ತಾನಮ್ಮ, ಪಾಪ, ಏನೂ ತೊಂದ್ರೆ ಕೊಡಲ್ಲ" ಅಂದಳು.

ದಿನಾ! ದಿನಾ ಅಂತೆ ಮಾರಾಯ್ರೆ!

ರಿಸೋರ್ಸ್ ರೂಮ್ ಎಲ್ಲಿ ಅಂತ ಕೇಳಿದೆ. ಅವಳೇ ತೋರಿಸಿದಳು. ಬಾಗಿಲ ಮೇಲೆ ಹೊಚ್ಚಹೊಸ ಬೋರ್ಡು. ಒಳಗೆ ಸ್ಕೂಲ್ ಡೇಗೆ ಮಾಡಿದ್ದ ಥರ್ಮಾಕೋಲ್ ಆನೆ, ಕಾಲು ಮುರಿದ ಡೆಸ್ಕುಗಳು, ಸುತ್ತಿಟ್ಟ ಒದ್ದೆ ಜಮಖಾನ. ಬೂಷ್ಟು ವಾಸನೆ. ಪೇಂಟು ಅಲ್ಲಿಗೆ ಯಾವತ್ತೂ ಮುಟ್ಟಿದ ಹಾಗೆ ಕಾಣಲಿಲ್ಲ.

ಸೀದಾ ಮೇಡಂ ಹತ್ತಿರ ಹೋದೆ. ಕಂಪ್ಯೂಟರ್ ಮಿಸ್ಸನ್ನು ಕರೆಸಿ, "ಇವರೇ ನಮ್ಮ ಸ್ಪೆಷಲ್ ಎಜುಕೇಟರ್" ಅಂದರು. ಆ ಹುಡುಗಿ ತಲೆ ಎತ್ತಲಿಲ್ಲ. ಆರ್‌ಸಿಐ ನೋಂದಣಿ, ಅಂದರೆ ಸ್ಪೆಷಲ್ ಎಜುಕೇಟರುಗಳಿಗೆ ಭಾರತೀಯ ಪುನರ್ವಸತಿ ಮಂಡಳಿ ಕೊಡುವ ನೋಂದಣಿ, ಇದೆಯಾ ಅಂತ ಕೇಳಿದೆ. "ಅದೆಲ್ಲ ಸ್ಪೆಷಲ್ ಸ್ಕೂಲಿಗಮ್ಮ. ನಮ್ಮದು ನಾರ್ಮಲ್ ಸ್ಕೂಲು. ನಾವು ಎಲ್ಲ ಮಕ್ಕಳನ್ನೂ ಒಂದೇ ತರ ನೋಡ್ತೀವಿ, ಭೇದಭಾವ ಮಾಡಲ್ಲ." ಭೇದಭಾವ ಮಾಡಲ್ಲವಂತೆ, ಶೂಗಳ ಪಕ್ಕ ಕೂರಿಸಿ. ಹಾಗಾದರೆ ನಲವತ್ತೈದು ಸಾವಿರ ಯಾವುದಕ್ಕೆ ತಗೊಂಡಿರಿ ಅಂದೆ.

"ನಿಮ್ಮ ಮಗುನ ತಗೊಂಡಿದ್ದೀವಲ್ಲಮ್ಮ!"

ಈಗಲೂ ರಾತ್ರಿ ಮಲಗಿದರೆ ಅದೇ ಮಾತು ತಲೆಯಲ್ಲಿ ತಿರುಗುತ್ತದೆ. ತಗೊಂಡಿದ್ದೀವಲ್ಲ ಅಂತೆ. ಅದೇನು ಉಪಕಾರವಾ? ಅಂಗವಿಕಲತೆ ಇರುವ ಮಕ್ಕಳನ್ನು ಭೇದ ಮಾಡದೆ ಸೇರಿಸಿಕೊಂಡು ಕಲಿಸಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ, ಮಾನ್ಯತೆ ಪಡೆದ ಖಾಸಗಿ ಶಾಲೆಗೂ ಅದು ಅನ್ವಯಿಸುತ್ತದೆ. ಪ್ರಕಟಿಸಿದ ಫೀಸು ಬಿಟ್ಟು ಬೇರೆ ಹೆಸರಲ್ಲಿ ದುಡ್ಡು ತಗೊಂಡರೆ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಹತ್ತು ಪಟ್ಟಿನವರೆಗೆ ದಂಡ ಇದೆ. ಇದನ್ನು ಹೇಳಿದ್ದಕ್ಕೆ ಆಡಳಿತ ಮಂಡಳಿಯವರೊಬ್ಬರು ನಕ್ಕರು. "ಹೋಗಿ ಮೇಡಂ, ಯಾರು ಬೇಡ ಅಂದ್ರು? ಆದ್ರೆ ನಾಳೆಯಿಂದ ನಿಮ್ಮ ಹುಡುಗ ನಮ್ಮ ಜವಾಬ್ದಾರಿ ಅಲ್ಲ."

ಟಿಸಿ ಕೇಳಿದರೆ ಒಂದು ಟೈಪ್ ಮಾಡಿದ ಪತ್ರ ಮುಂದಿಟ್ಟರು. ಸ್ವಇಚ್ಛೆಯಿಂದ ಬಿಡಿಸುತ್ತಿದ್ದೇನೆ, ಹಣ ವಾಪಸ್ ಕೇಳುವುದಿಲ್ಲ ಅಂತ. ಸಹಿ ಹಾಕಲಿಲ್ಲ. ಟಿಸಿ ಕೊಡಲಿಲ್ಲ.

ಊರಿಗೆ ಹೋದರೆ ಎಲ್ಲರೂ "ಹೇಗಿದೆ ಪೇಟೆ ಸ್ಕೂಲು?" ಅಂತ ಕೇಳುತ್ತಾರೆ. ಚೆನ್ನಾಗಿದೆ ಅಂತೇನೆ. ಏನು ಹೇಳಲಿ? ಅತ್ತೆಗೆ ಎಲ್ಲ ಗೊತ್ತು, ಏನೂ ಅನ್ನುವುದಿಲ್ಲ. ಅದು ಇನ್ನೂ ಕಷ್ಟ.

ಈಗ ಮಗ ಮನೆ ಹತ್ತಿರದ ಸರ್ಕಾರಿ ಶಾಲೆಗೆ ಹೋಗುತ್ತಿದ್ದಾನೆ. ಟಿಸಿ ತಡ ಆಯಿತು ಅಂತ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ, ಅದೂ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಹೆಡ್‌ಮಾಸ್ಟರು "ಕಾಗದ ಆಮೇಲೆ ಬರಲಿ, ನಾಳೆಯಿಂದ ಕಳಿಸಿಯಮ್ಮ" ಅಂದರು. ತಾಲ್ಲೂಕಿನ ಸಂಪನ್ಮೂಲ ಕೇಂದ್ರ ಬಿಆರ್‌ಸಿಯಿಂದ ಬಿಐಇಆರ್‌ಟಿ ಟೀಚರ್, ಅಂದರೆ ಇಂಥ ಮಕ್ಕಳಿಗೆ ಅಂತಲೇ ಇರುವ ಸಂಪನ್ಮೂಲ ಶಿಕ್ಷಕರು, ಬರುತ್ತಾರೆ. ದಿನಾ ಬರುವುದಿಲ್ಲ, ಅವರಿಗೆ ತಾಲ್ಲೂಕಿನ ಬೇರೆ ಶಾಲೆಗಳೂ ಇವೆ. ಆದರೆ ಬಂದಾಗ ಇವನ ಪಕ್ಕ ಕೂರುತ್ತಾರೆ. ನಲವತ್ತೈದು ಸಾವಿರಕ್ಕೆ ಸಿಗದ್ದು ಇಲ್ಲಿ ಬಿಟ್ಟಿ ಸಿಕ್ಕಿತು.

ನೀವು ಎಲ್ಲಿಗೇ ಸೇರಿಸಿ, ಸ್ಪೆಷಲ್ ಎಜುಕೇಟರ್ ಅಂದರೆ ಅವರ ಆರ್‌ಸಿಐ ನಂಬರ್ ಕೇಳಿ. ಇದ್ದವರು ಮುಖ ಗಂಟು ಹಾಕದೆ ಕೊಡುತ್ತಾರೆ. ಅಲ್ಲಿ ಈಗಾಗಲೇ ಓದುತ್ತಿರುವ ಇಂಥದ್ದೇ ಮಗುವಿನ ತಾಯಿ ಜೊತೆ ಮಾತಾಡಿ, ಗೇಟಿನ ಹೊರಗೆ. ಶಾಲೆಯವರ ಎದುರಿಗೆ ಬೇಡ. ಮಗುವಿಗೆ ಅಂಗವಿಕಲತೆ ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಅಂತ ಸರ್ಟಿಫಿಕೇಟ್ ಇದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ನಿಮಗೆ ಬೇಕಾದ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕಿದೆ. ಇದನ್ನು ಯಾವ ಪ್ರಿನ್ಸಿಪಾಲೂ ತಾವಾಗಿ ಹೇಳಲ್ಲ.

ಇಂಥದ್ದೇ 'ಇತರೆ' ಅನ್ನುವ ರಸೀದಿ ನಿಮ್ಮ ಹತ್ತಿರವೂ ಇದ್ದರೆ ಬಿಸಾಡಬೇಡಿ. ನೀವೂ ಬಿಇಒಗೆ ಬರೆದು ಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ನನ್ನೊಬ್ಬಳದ್ದೇ ದೂರು ಅಂದರೆ, ಆ ಅಮ್ಮಂಗೆ ಸಿಟ್ಟು ಜಾಸ್ತಿ ಅಂತ ಹೇಳಿ ಫೈಲ್ ಮುಚ್ಚಿಬಿಡುತ್ತಾರೆ.