ವಿಂಡೋಸ್‌ನ ಬ್ಯಾಟರಿ ರಿಪೋರ್ಟ್: ಪುಕ್ಸಟ್ಟೆ, ಆದ್ರೆ ಪೂರ್ತಿ ನಂಬೋ ಹಾಗಿಲ್ಲ

ನನ್ನ ಐದು ವರ್ಷದ ಲ್ಯಾಪ್‌ಟಾಪ್ 38% ತೋರಿಸ್ತಾ ಇದ್ದಿದ್ದು ಹಂಗೇ ಪಟ್ ಅಂತ ಆಫ್ ಆಗೋದು, ಚಾರ್ಜರ್ ಹಾಕಿ ಆನ್ ಮಾಡಿದ್ರೆ 4%! ರಿಪೇರಿಯವ್ರು ನೋಡ್ದೇನೇ ಬ್ಯಾಟರಿ ಚೇಂಜ್ ಮಾಡಿ ಅಂದ್ರು. ಅದಕ್ಕೆ ಮುಂಚೆ ವಿಂಡೋಸ್‌ನಲ್ಲೇ ಇರೋ ಈ ಬ್ಯಾಟರಿ ರಿಪೋರ್ಟ್ ಟ್ರೈ ಮಾಡೋಣ ಅಂತ, ಕಮಾಂಡ್ ಟೈಪ್ ಮಾಡೋ ಕಪ್ಪು ವಿಂಡೋ, ಅಂದ್ರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ, ಸ್ಪೇಸ್, ಸ್ಲ್ಯಾಶ್ ಬ್ಯಾಟರಿರಿಪೋರ್ಟ್ ಅಂತ ಹೊಡೆದೆ (ಇಂಗ್ಲಿಷಲ್ಲೇ ಹೊಡೀಬೇಕು ಮತ್ತೆ), ಒಂದು ಫೈಲ್ ಬಂತು, ಬ್ರೌಸರ್‌ನಲ್ಲಿ ತೆಗೆದ್ರೆ ಡಿಸೈನ್ ಕೆಪಾಸಿಟಿ (ಹೊಸದ್ರಲ್ಲಿ ಎಷ್ಟು ಚಾರ್ಜ್ ಹಿಡೀಬೇಕಿತ್ತು ಅಂತ), ಈಗಿನ ಫುಲ್ ಚಾರ್ಜ್ ಕೆಪಾಸಿಟಿ (ಈಗ ಎಷ್ಟು ಹಿಡಿಯುತ್ತೆ ಅಂತ), ದಿನದಿನದ ಲೆಕ್ಕ ಎಲ್ಲಾ ಇದೆ.

ನಂದ್ರಲ್ಲಿ ಎರಡೂ ನಂಬರ್ ಹೆಚ್ಚುಕಮ್ಮಿ ಒಂದೇ. ಐದು ವರ್ಷದ ಬ್ಯಾಟರಿ ಹೊಸದರ ಥರ ಇರೋಕೆ ಸಾಧ್ಯನಾ? ಇಲ್ಲೇ ಇರೋದು ವಿಷ್ಯ. ವಿಂಡೋಸ್ ತಾನಾಗಿ ಏನೂ ಅಳೆಯಲ್ಲ, ಬ್ಯಾಟರಿ ಒಳಗಿನ ಚಿಪ್ ಹೇಳಿದ್ದನ್ನ ಬರ್ಕೊಳುತ್ತೆ ಅಷ್ಟೇ, ಯಾವಾಗ್ಲೂ ಚಾರ್ಜರ್‌ಗೆ ಸಿಕ್ಕಿಸಿಟ್ಟು ಓಡಿಸಿದ್ರೆ ಆ ಚಿಪ್‌ನ ಅಂದಾಜೇ ತಪ್ಪಿಹೋಗುತ್ತೆ.

ಅದನ್ನ ಸರಿ ಮಾಡೋಕೆ ಮೊದ್ಲು ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಬ್ಯಾಟರಿ ಡ್ರೈವರ್ (ಬ್ಯಾಟರಿ ಜೊತೆ ವಿಂಡೋಸ್ ಮಾತಾಡೋಕೆ ಬೇಕಾದ ಸಾಫ್ಟ್‌ವೇರ್) ತೆಗೆದು ರೀಸ್ಟಾರ್ಟ್ ಮಾಡಿದೆ, ಏನೂ ಆಗ್ಲಿಲ್ಲ. ಆಮೇಲೆ 100% ಚಾರ್ಜ್ ಮಾಡಿ, ಎರಡು ಗಂಟೆ ಹಂಗೇ ಬಿಟ್ಟು, ತಾನಾಗೇ ಆಫ್ ಆಗೋವರೆಗೂ ಓಡಿಸಿ, ಮತ್ತೆ ಮಧ್ಯ ನಿಲ್ಲಿಸದೆ ಫುಲ್ ಮಾಡಿದೆ. ಈಗ ರಿಪೋರ್ಟ್‌ನಲ್ಲಿ ಕೆಪಾಸಿಟಿ ಸುಮಾರು ಅರ್ಧಕ್ಕಿಳಿದಿದೆ, ಬೇಜಾರಾಯ್ತು, ಆದ್ರೆ ಪರ್ಸೆಂಟ್ ನಿಜ ಹೇಳ್ತಿದೆ. ಇದನ್ನ ಪದೇಪದೇ ಮಾಡ್ಬೇಡಿ, ಲಿಥಿಯಂ ಬ್ಯಾಟರಿಗೆ ಪೂರ್ತಿ ಖಾಲಿ ಆಗೋದು ಆಗ್ಬರಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಸೆಟ್ಟಿಂಗ್ಸ್‌ನಲ್ಲೇ ಒಂದು ಬಟನ್ ಇಟ್ಟಿದ್ರೆ ಐದೂ ಕೊಡ್ತಿದ್ದೆ.